ತಟ್ಟೆ ಎತ್ತಿಡೋದು ಅವನ ಕೆಲಸವೇ

ಪತ್ರ: ನನ್ನ ಮಗನಿಗೆ ಏಳು ವರ್ಷ. ಎ.ಎಲ್.ಎಲ್. ಅನ್ನುವ ಬ್ಲಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಶುರುವಾಗಿ ಒಂದು ವರ್ಷವಾಯಿತು. ತಿಂಗಳಿಗೆ 5 ದಿನ ಸ್ಟೆರಾಯ್ಡ್ ಮಾತ್ರೆ. ಆಗ ತಟ್ಟೆ ಎಸೆಯುತ್ತಾನೆ, ತಂಗಿಯನ್ನು ಕಚ್ಚುತ್ತಾನೆ, ರಾತ್ರಿ ಎರಡಕ್ಕೆ ಎದ್ದು ಅನ್ನ ಸಾರು ಕೇಳುತ್ತಾನೆ. ಈಗೀಗ ಉಳಿದ ದಿನವೂ ಹಾಗೇ. ನಾವು ಏನೂ ಅನ್ನುವುದಿಲ್ಲ. ಅತ್ತೆ ಮಾತ್ರ ‘ತಿಂದ ತಟ್ಟೆ ನೀನೇ ಎತ್ತಿಡು’ ಅಂತ ಗದರುತ್ತಾರೆ. ಕಾಯಿಲೆ ಮಗುವಿನ ಹತ್ತಿರ ಹೀಗೆ ಮಾಡಬಹುದೇ?
– ಒಬ್ಬ ತಾಯಿ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ತಾಯಿ. ಎರಡನೇ ಸಲ ಓದುವಾಗ ನಿಮ್ಮ ಅತ್ತೆಯವರ ಮೇಲೆ ಅಭಿಮಾನ ಬಂತು. ಬೇಜಾರು ಮಾಡ್ಕೋಬೇಡಿ.

ಮೊದಲು ನಿಮ್ಮ ಕಡೆಯ ನ್ಯಾಯ. ಆ 5 ದಿನದ ಸಿಟ್ಟು ಬಹುಪಾಲು ಮಾತ್ರೆಯದ್ದು. ಪ್ರೆಡ್ನಿಸೊಲೋನ್ ಇರಲಿ, ಡೆಕ್ಸಾಮೆಥಾಸೋನ್ ಇರಲಿ, ಹಸಿವು ಕೆರಳಿಸುತ್ತದೆ, ನಿದ್ದೆ ಕೆಡಿಸುತ್ತದೆ. ಜೊತೆಗೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಇದ್ದರೆ ದವಡೆ ನೋವು, ಕಾಲು ನೋವು, ಮಲಬದ್ಧತೆ. ಮೂರು ದಿನ ಹೊಟ್ಟೆ ಕಟ್ಟಿದರೆ ದೊಡ್ಡವರಾದ ನಾವೇ ಮನೆಮಂದಿ ಮೇಲೆ ಹಾರಾಡುತ್ತೇವೆ, ಅಲ್ವಾ? ಡಾಕ್ಟರಿಗೆ ಜ್ವರ, ರಕ್ತದ ಕೌಂಟ್ ಹೇಳಿದ ಹಾಗೆ ಇದನ್ನೂ ಹೇಳಿ. ಮಾತ್ರೆಯನ್ನು ಬೆಳಿಗ್ಗೆಯೇ ಕೊಡಬಹುದೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಹೊಡೆಯುವುದಂತೂ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಸಣ್ಣ ಏಟಿಗೂ ಮೈ ಕಂದುಗಟ್ಟುತ್ತದೆ.

ಆದರೆ ಉಳಿದ 25 ದಿನ?

ನನಗೆ ಒಂಬತ್ತು ವರ್ಷವಿದ್ದಾಗ ರುಮ್ಯಾಟಿಕ್ ಜ್ವರ ಬಂತು. ಕೀಲು ಊದಿದವು, ಹೃದಯಕ್ಕೂ ತಾಗಿದೆ ಎಂದರು. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಮನೆಯಲ್ಲಿ ನಾನೇ ರಾಜ. ಅಕ್ಕನ ಪೆನ್ಸಿಲ್ ಮುರಿದರೂ ಬೈಗುಳ ಅಕ್ಕನಿಗೇ. ಮಾತೆತ್ತಿದರೆ ಗದರುತ್ತಿದ್ದ ಅಪ್ಪ ಒಂದು ಸಂಜೆ, ನಾನು ಕೇಳದೆಯೇ ಬಾಂಬೆ ಮಿಠಾಯಿ ತಂದುಕೊಟ್ಟರು. ಆ ರಾತ್ರಿ ನನಗೆ ಖಾತ್ರಿಯಾಯಿತು, ನಾನು ಸಾಯ್ತೀನಿ ಅಂತ. ಮಾರನೇ ದಿನದಿಂದ ಗಲಾಟೆ ಇನ್ನೂ ಜಾಸ್ತಿ ಮಾಡಿದೆ. ಯಾರಾದರೂ ಬೈಯಲಿ ಅಂತ.

ಬೈದದ್ದು ಅಜ್ಜಿ. ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದೆ ಇಟ್ಟು, ‘ಕೈಗೇನಾಗಿದೆ, ಬಿಡಿಸು’ ಅಂದಳು. ಹುಳ ಇರೋದನ್ನು ಆಚೆ ಹಾಕು ಅಂತ ತಾಕೀತು ಬೇರೆ. ಸಾಯುವ ಹುಡುಗನ ಕೈಲಿ ಯಾರು ಅವರೆಕಾಯಿ ಬಿಡಿಸ್ತಾರೆ? ಅವತ್ತು ಒಳ್ಳೆ ನಿದ್ದೆ ಬಂತು.

ಹಾಗಂತ ಸುಮ್ಮನಿರುವ ಮಗುವೇ ಒಳ್ಳೆಯ ಮಗು ಅಂತಲ್ಲ. 1950ರ ಸುಮಾರಿಗೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ಬೇಕೆಂದಾಗ ಮಗುವನ್ನು ನೋಡುವಂತಿರಲಿಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆ ಅಂದುಕೊಳ್ಳಬೇಡಿ, ಅದು ಆಸೆ ಬಿಟ್ಟಿರಬಹುದು ಅನ್ನುವುದು ಅವರ ವಾದ. ತಂದೆತಾಯಿಗೆ ಬಾಗಿಲು ತೆರೆಯಿರಿ ಎಂದು ಅಲ್ಲಿನ ಸರ್ಕಾರ ನೇಮಿಸಿದ ಪ್ಲಾಟ್ ಸಮಿತಿ ಹೇಳಿದ್ದು 1959ರಲ್ಲಿ. ನಮ್ಮಲ್ಲಿ ಬಾಗಿಲು ತೆರೆದೇ ಇದೆ, ಸ್ವಲ್ಪ ಜಾಸ್ತಿಯೇ. ಸೇಬು ಹಿಡಿದು ಬರುವ ನೆಂಟರು ಮಗುವಿನ ತಲೆ ಮೇಲೆಯೇ ‘ಡಾಕ್ಟರು ಏನಂದ್ರು?’ ಅಂತ ಪಿಸುಗುಡುತ್ತಾರೆ. ಹೋಗುವಾಗ, ‘ಪಾಪ, ಎಷ್ಟು ಜಾಣ, ಒಂದು ಮಾತಾಡಲ್ಲ’ ಅನ್ನುವ ಸರ್ಟಿಫಿಕೇಟು. ಸೂಜಿ ನೋಯಲ್ಲ ಅಂತ ಸುಳ್ಳು ಹೇಳುವವರೂ ಇವರೇ. ಆಮೇಲೆ ಹುಡುಗ ಯಾರನ್ನೂ ನಂಬುವುದಿಲ್ಲ ಅಂತ ದೂರು.

ನಿಮ್ಮ ಮಗ ಕಿರುಚಲಿ. ದಿಂಬಿಗೆ ಗುದ್ದಲಿ. ಮಾತ್ರೆಯ ದಿನ ಸ್ಟೀಲ್ ತಟ್ಟೆ ಕೊಡಿ, ಸುಸ್ತಾಗಿದ್ದರೆ ಅದನ್ನು ನೀವೇ ಎತ್ತಿಡಿ. ಉಳಿದ ದಿನ ಅವನೇ ಎತ್ತಿಡಲಿ, ಅತ್ತೆಯವರು ಗದರಲಿ. ಕಚ್ಚುವುದು ಮಾತ್ರ ಯಾವ ದಿನವೂ ಇಲ್ಲ.

ನಿಮಗೇ ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಅಷ್ಟು ಬರೆದಿದ್ದೀರಿ, ತಂಗಿಯ ಬಗ್ಗೆ ಇರುವುದು ಒಂದೇ ಮಾತು, ಕಚ್ಚಿಸಿಕೊಂಡವಳು ಅಂತ. ಅವಳ ವಯಸ್ಸೂ ಬರೆದಿಲ್ಲ.