ಹುಡುಗ ಮಾತಾಡಲ್ಲ, ಅಪ್ಪ ಸಾಲ ಕೇಳ್ತಾರೆ. ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನಲ್ಲಿ ಕೆಲಸ. ಒಂದು ಸಂಸ್ಥೆಯ ಮೂಲಕ ಸರ್ಕಾರಿ ಶಾಲೆಯ ಹುಡುಗನೊಬ್ಬನಿಗೆ ಮೆಂಟರ್ ಆಗಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಜೊತೆಗಿರ್ತೀನಿ ಅಂತ ಒಪ್ಪಿಕೊಂಡಿದ್ದೆ. ಒಂದು ವರ್ಷ ದಾಟಿತು. ಅವನೀಗ ಎಂಟನೇ ಕ್ಲಾಸು, 13 ವರ್ಷ. ಅಪ್ಪ ಅಮ್ಮ ಯಾದಗಿರಿ ಕಡೆಯವರು, ಗಾರೆ ಕೆಲಸ, ಶೆಡ್ಡಿನಲ್ಲಿ ವಾಸ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಪಾಠ ಹೇಳಿಕೊಡುತ್ತೇನೆ. ಹುಡುಗ ಮಾತೇ ಆಡಲ್ಲ. ‘ಹೂಂ ಸರ್’, ‘ಇಲ್ಲ ಸರ್’, ಅಷ್ಟೇ. ಏಳನೇ ಕ್ಲಾಸಿನಲ್ಲಿ ಶೇ 60 ಬಂದಿತ್ತು, ಈಗಲೂ ಅಲ್ಲೇ ಇದ್ದಾನೆ. ಒಂದೇ ಒಂದು ಸಲ, ಅನುಪಾತದ ಲೆಕ್ಕ ಮಾಡಿಸುವಾಗ, ‘ನಮ್ಮಪ್ಪ ಕಾಂಕ್ರೀಟಿಗೆ ಹಿಂಗೇ ಹಾಕ್ತಾನ್ರಿ ಸರ, ಒಂದು ಸಿಮೆಂಟು, ಎರಡು ಉಸುಕು, ನಾಕು ಖಡಿ’ ಅಂದ. ಹೋದ ತಿಂಗಳು ಅವರಪ್ಪ ಗೇಟಿನ ಹತ್ತಿರ ನಿಲ್ಲಿಸಿ, ‘ಒಂದಿಪ್ಪತ್ತು ಸಾವಿರ ಕೊಡ್ರಿ ಸರ, ಪಗಾರ ಬಂದ ಕೂಡ್ಲೇ ತೀರಸ್ತೀನ್ರಿ’ ಅಂದರು. ನೋಡೋಣ ಅಂದೆ. ಆಮೇಲೆ ಎರಡು ಶನಿವಾರ ಹುಡುಗ ಬಂದಿಲ್ಲ. ನನ್ನ ಹೆಂಡತಿ, ‘ಇಷ್ಟು ಮಾಡಿದ್ದು ಸಾಕು, ಬಿಡಿ’ ಅನ್ನುತ್ತಾಳೆ. ಹಣ ಕೊಡಲಾ? ಬಿಟ್ಟುಬಿಡಲಾ?
– ವಿ., ಬೆಂಗಳೂರು

ವಿ. ಅವರೇ,

ಹಣ ಕೊಡಬೇಡಿ. ಹುಡುಗನನ್ನು ಬಿಡಲೂಬೇಡಿ.

ಮೊದಲು ಹಣದ ಮಾತು ಮುಗಿಸೋಣ. ನೀವು ‘ನೋಡೋಣ’ ಅಂದಿರಿ, ಅವರು ಕಾಯುತ್ತಿದ್ದಾರೆ. ಇಪ್ಪತ್ತು ಸಾವಿರ ಕೊಟ್ಟರೆ ಅದನ್ನು ತೀರಿಸುವವರೆಗೆ ಆ ಮನೆಯಲ್ಲಿ ನೀವು ಸಾಲ ಕೊಟ್ಟವರು. ಪಗಾರ ತಡವಾದ ವಾರ ಅಪ್ಪ ನಿಮ್ಮ ಕಣ್ಣು ತಪ್ಪಿಸುತ್ತಾರೆ, ಮಗನಿಗೂ ಶಾಲೆಯ ಹತ್ತಿರ ಹೋಗಬೇಡ ಅನ್ನಬಹುದು. ಆ ಸಾಲದ ಭಾರ ಹುಡುಗನ ಮೇಲೆ ಬೀಳುವುದು ಬೇಡ. ಹಾಗಾಗಿ ಈ ವಾರವೇ, ಸಂಸ್ಥೆಯ ಕೋಆರ್ಡಿನೇಟರ್‌ಗೆ ವಿಷಯ ತಿಳಿಸಿ, ಅವರನ್ನೂ ಕರೆದುಕೊಂಡು ಹೋಗಿ, ನೇರವಾಗಿ ಹೇಳಿ: ‘ಯಜಮಾನ್ರೇ, ಹಣ ಕೊಡೋಕೆ ನನಗೆ ಆಗಲ್ಲ. ಹುಡುಗನ ಓದಿಗೆ ಏನು ಬೇಕೋ ಅದಕ್ಕೆ ಓಡಾಡ್ತೀನಿ.’ ಇದು ಮಗನ ಎದುರಿಗೆ ಮಾತ್ರ ಬೇಡ. ಮತ್ತೆ, ಕೇಳಿದ್ದಕ್ಕೆ ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಊರು ಬಿಟ್ಟು ಬಂದವರಿಗೆ ಇಲ್ಲಿ ಕೈಗಡ ಕೇಳೋಕೆ ಮೇಸ್ತ್ರಿ ಬಿಟ್ಟರೆ ಇನ್ಯಾರಿದ್ದಾರೆ ಹೇಳಿ?

ಓಡಾಡ್ತೀನಿ ಅಂದ ಮೇಲೆ ನಿಜವಾಗಿಯೂ ಓಡಾಡಬೇಕು. ಅಪ್ಪನಿಗೆ ಲೇಬರ್ ಕಾರ್ಡ್ ಇದೆಯಾ ಕೇಳಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡ್ ಇದ್ದರೆ ಮಕ್ಕಳ ಓದಿಗೆ ಸಹಾಯಧನ ಇದೆ, ಆಸ್ಪತ್ರೆ ಖರ್ಚಿಗೂ ಇದೆ. ಕೆಲಸ ಮಾಡಿದ್ದಕ್ಕೆ ಪ್ರಮಾಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊಂದಿಸೋದೇ ದೊಡ್ಡ ಕೆಲಸ. ಎಷ್ಟೋ ಜನ ಅದಕ್ಕೇ ಕೈಬಿಡುತ್ತಾರೆ. ಕೂಲಿ ಬಿಟ್ಟು ಆಫೀಸಿಗೆ ಅಲೆಯೋಕೆ ಅವರಿಗೆ ಆಗಲ್ಲ. ನಿಮಗೆ ಲ್ಯಾಪ್‌ಟಾಪ್ ಇದೆ, ಅರ್ಜಿ ತುಂಬೋದು ಗೊತ್ತಿದೆ.

ಇನ್ನು ಹುಡುಗನದು. ಅವನು ಎಂಟನೇ ಕ್ಲಾಸಿನಲ್ಲಿದ್ದಾನೆ ಅಂತ ಓದಿದ ಕೂಡಲೇ ನನಗೆ ನೆನಪಾದದ್ದು ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಅದು. ಏಳನೇ ಕ್ಲಾಸಿನಲ್ಲಿ ಶೇ 55 ಬಂದಿರಬೇಕು, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ದಾಟಿರಬಾರದು. ನಿಮ್ಮ ಹುಡುಗ ಎರಡರಲ್ಲೂ ಬರುತ್ತಾನೆ ಅಲ್ವಾ! ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನೇರ ಅವನ ಖಾತೆಗೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಆದ್ದರಿಂದ ಸಿಕ್ಕೇ ಸಿಗುತ್ತೆ ಅಂತ ಅವನಿಗಾಗಲಿ ಅಪ್ಪನಿಗಾಗಲಿ ಮಾತು ಕೊಡಬೇಡಿ. ಆದರೆ ನಾಳೆಯೇ ಹೆಡ್‌ಮಾಸ್ಟರ್ ಹತ್ತಿರ ಅರ್ಜಿಯ ಕೊನೇ ದಿನ ಯಾವಾಗ ಅಂತ ಕೇಳಿ, ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಹಾಕಿಸಿ. ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ್ದು. ಹಳೇ ಪತ್ರಿಕೆ ಇಟ್ಟುಕೊಂಡು ಇಬ್ಬರೂ ಕೂತು ಬಿಡಿಸಿ. ನೀವೂ ಪೆನ್ಸಿಲ್ ಹಿಡಿದು ಬಿಡಿಸಿ, ಸುಮ್ನೆ ಮೇಲ್ವಿಚಾರಕರ ಥರ ಎದುರಿಗೆ ಕೂರಬೇಡಿ. ನಿಮಗೇ ಉತ್ತರ ತಪ್ಪಿದ್ದು ಕಂಡಾಗ ಇವನಿಗೆ ಬಾಯಿ ಬರುತ್ತೆ ನೋಡಿ.

ಮಾತಾಡಲ್ಲ ಅಂತೀರಿ. ಆದರೆ ಒಂದು ಸಲ ಮಾತಾಡಿದ್ದಾನಲ್ಲ! ಒಂದು, ಎರಡು, ನಾಲ್ಕು ಅಂತ ಕಾಂಕ್ರೀಟಿನ ಲೆಕ್ಕವನ್ನು ಪುಸ್ತಕದ ಲೆಕ್ಕಕ್ಕೆ ತಾನಾಗಿಯೇ ಜೋಡಿಸಿದ, ಅದೂ ಅಪ್ಪನ ಕೆಲಸದ ಬಗ್ಗೆ ಹೆಮ್ಮೆಯಿಂದ. ನೀವು ಆಗ ಮುಂದಿನ ಲೆಕ್ಕಕ್ಕೆ ಹೋದಿರಾ, ಇಲ್ಲ ಇನ್ನಷ್ಟು ಕೇಳಿದಿರಾ? ಪತ್ರದಲ್ಲಿ ಬರೆದಿಲ್ಲ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ. ಕಂಬಿ ಯಾಕೆ ಹಾಕ್ತಾರೆ, ಸೆಂಟ್ರಿಂಗ್ ಹಲಗೆ ಎಷ್ಟು ದಿನಕ್ಕೆ ಬಿಚ್ಚುತ್ತಾರೆ, ಅವನನ್ನೇ ಕೇಳಿ, ಅವನು ಹೇಳಲಿ, ನೀವು ಕಲಿಯಿರಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಸಿವಿಲ್ ಡಿಪ್ಲೊಮಾ ಮೂರು ವರ್ಷ ಅಂತಲೂ, ಅದು ಮುಗಿಸಿ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು ಅಂತಲೂ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮೆಂಟರ್ ಇರುವುದೇ ಇಂಥದ್ದನ್ನು ಹೇಳುವುದಕ್ಕೆ. ಮಾರ್ಕ್ಸು ಏರಿಸೋದು ನಿಮ್ಮ ಒಬ್ಬರ ಕೈಲಿ ಇಲ್ಲ, ಆ ಲೆಕ್ಕ ಸ್ವಲ್ಪ ದಿನ ಬದಿಗಿಡಿ.

ಎರಡು ಶನಿವಾರ ಬಂದಿಲ್ಲ ಅನ್ನೋದಕ್ಕೆ ನಾಚಿಕೆ ಕಾರಣ ಇರಬಹುದು, 13 ವರ್ಷದ ಹುಡುಗನಿಗೆ ಅಪ್ಪ ಕೈಚಾಚಿದ್ದು ಗೊತ್ತಾದರೆ ಮುಖ ತೋರಿಸೋಕೆ ಕಷ್ಟ. ಊರಿನ ಜಾತ್ರೆಗೆ ಹೋಗಿರಬಹುದು. ಅಪ್ಪನ ಜೊತೆ ಕೆಲಸಕ್ಕೂ ಹೋಗಿರಬಹುದು, ಹಾಗಾಗಿದ್ದರೆ ಮಾತ್ರ ನೀವೊಬ್ಬರೇ ಹೋಗಿ ಜಗಳ ಮಾಡಬೇಡಿ. 14 ತುಂಬದ ಮಗುವನ್ನು ಕೂಲಿಗೆ ಹಚ್ಚುವುದು ಕಾನೂನಿಗೆ ವಿರುದ್ಧ, ಅದನ್ನು ಹೆಡ್‌ಮಾಸ್ಟರೂ ಸಂಸ್ಥೆಯೂ ಸೇರಿ ಬಿಡಿಸಲಿ. ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಈಗ ಬಿಡಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಮಕ್ಕಳಿಗೆ ನಿಮ್ಮಂಥ ಮೆಂಟರ್‌ಗಳನ್ನು ಜೊತೆ ಮಾಡುವ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಯ ಜೋಡಿಗಳನ್ನು ನೋಡಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಇಬ್ಬರು 2002ರಲ್ಲಿ ಬರೆದರು: ವರ್ಷ ದಾಟಿ ಜೊತೆಗಿದ್ದ ಕಡೆ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನ ಆಗಿತ್ತು, ಕೆಲವೇ ತಿಂಗಳಲ್ಲಿ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲಿನ ನಂಬಿಕೆಯೇ ಕುಗ್ಗಿತ್ತು. ನೀವು ಆ ಒಂದು ವರ್ಷ ದಾಟಿದ್ದೀರಿ. ಮುಂದೆ ವರ್ಗಾವಣೆಯೋ ಇನ್ನೇನೋ ಬಂದು ಬಿಡಲೇಬೇಕಾದರೆ, ಪರೀಕ್ಷೆಗೆ ಮುಂಚೆ ಬೇಡ. ಶಾಲಾ ವರ್ಷದ ಕೊನೆಗೆ, ಒಂದೆರಡು ತಿಂಗಳು ಮೊದಲೇ ಅವನಿಗೆ ಎದುರಿಗೆ ಕೂತು ಹೇಳಿ, ಮುಂದೆ ಬರುವವರನ್ನು ನೀವೇ ಪರಿಚಯ ಮಾಡಿಸಿ.

ಮನೆಯವರ ಮಾತನ್ನೂ ತಳ್ಳಿಹಾಕಬೇಡಿ, ಎಲ್ಲ ಶನಿವಾರವೂ ನೀವು ಹೊರಗಿದ್ದರೆ ಅವರಿಗೂ ಬೇಸರ ಆಗುತ್ತೆ. ಎನ್‌ಎಂಎಂಎಸ್ ಮುಗಿಯುವವರೆಗೆ ವಾರವಾರ ಹೋಗಿ, ಆಮೇಲೆ ತಿಂಗಳಿಗೆ ಎರಡು ಸಲ ಸಾಕು. ಯಾವ ಎರಡು ಶನಿವಾರ ಅಂತ ಮಾತ್ರ ಹುಡುಗನ ನೋಟ್‌ಬುಕ್ಕಿನಲ್ಲಿ ಬರೆದುಕೊಡಿ, ಬರಲಾಗದ ವಾರ ಶುಕ್ರವಾರವೇ ಶಾಲೆಗೆ ಫೋನ್ ಮಾಡಿ ಅವನಿಗೆ ತಿಳಿಸಲು ಹೇಳಿ.