ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತೆ, ಸಕ್ಕರೆ ನೀರಿನಲ್ಲಿ ಯಾಕೆ ಹರಿಯಲ್ಲ?

ನಿಮ್ಮದು ಎರಡು ಪ್ರಶ್ನೆ. ಉಪ್ಪು, ಸಕ್ಕರೆ ಎರಡೂ ನೀರಿನಲ್ಲಿ ಕರಗಿದರೂ ಉಪ್ಪುನೀರಿನಲ್ಲಿ ಮಾತ್ರ ಕರೆಂಟ್ ಹರಿಯುವುದು ಯಾಕೆ? ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಸುಮ್ನೆ ಯಾಕೆ ಬಿಟ್ಟುಕೊಡುತ್ತೆ? ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಎರಡನೆಯದನ್ನು ಕೇಳುವವರು ಕಡಿಮೆ, ಹಾಗಾಗಿ ಅದನ್ನೇ ಮೊದಲು ಹಿಡಿಯುತ್ತೇನೆ.

ಸುಮ್ನೆ ಬಿಟ್ಟುಕೊಡಲ್ಲ. ಸೋಡಿಯಂನಲ್ಲಿ 11 ಎಲೆಕ್ಟ್ರಾನ್, ಕವಚಗಳಲ್ಲಿ 2, 8, 1. ಕ್ಲೋರಿನ್‌ನಲ್ಲಿ 17, ಅಂದರೆ 2, 8, 7. ಒಂದಕ್ಕೆ ಕೊಡುವ ಆಸೆ, ಇನ್ನೊಂದಕ್ಕೆ ತಗೊಳ್ಳುವ ಆಸೆ, ಇಬ್ಬರಿಗೂ ಹೊರಕವಚದಲ್ಲಿ ಎಂಟು ಆಯ್ತು ಅಂತ ಪಾಠ ಮುಗಿಸಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಅನಿಲ ರೂಪದ ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಪಡೆದಾಗ ಹೊರಬರುವುದು ಸುಮಾರು 349 ಮಾತ್ರ. ಅಲ್ಲಿಗೆ 147 ಕಿಲೋಜೂಲ್ ನಷ್ಟ ಆದಂತಾಯ್ತು ಅಲ್ವಾ?

ಅದನ್ನು ತುಂಬಿಕೊಡುವುದು ಹರಳು. ಪ್ಲಸ್ ಆದ ಸೋಡಿಯಂ, ಮೈನಸ್ ಆದ ಕ್ಲೋರೈಡ್ ಒಂದನ್ನೊಂದು ಸೆಳೆದು ಸಾಲಾಗಿ ಕೂತಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಪರಮಾಣುಗಳಿಗೆ ಆಸೆ ಗೀಸೆ ಏನೂ ಇಲ್ಲ. ಒಟ್ಟು ಶಕ್ತಿ ಕಡಿಮೆ ಆಗುವುದರಿಂದ ಬಂಧ ಉಂಟಾಗುತ್ತದೆ, ಅಷ್ಟೆ. ಹೀಗೆ ಚಾರ್ಜ್ ಪಡೆದ ಪರಮಾಣುಗಳಿಗೆ ಅಯಾನು ಅಂತ ಹೆಸರು, ಹಾಗಾಗಿ ಇದು ಅಯಾನಿಕ ಬಂಧ. ಹರಳಿನೊಳಗೆ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಹಾಗಾಗಿ ಉಪ್ಪಿನ ಹರಳಿನಲ್ಲಿ 'ಇದೇ ಒಂದು ಅಣು' ಅಂತ ಬೊಟ್ಟು ಮಾಡಿ ತೋರಿಸಲು ಆಗಲ್ಲ.

ಸಕ್ಕರೆಯಲ್ಲಿ ಅಣು ಇದೆ. 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಒಟ್ಟಿಗಿವೆ. ಇದು ಸಹವೇಲೆನ್ಸೀಯ ಬಂಧ. ಜೋಡಿ ಹಂಚಿಕೆಯ ಈ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಸಕ್ಕರೆ ಕರಗಿದಾಗ ಅಣುಗಳು ಒಂದರಿಂದ ಒಂದು ದೂರ ಆಗುತ್ತವೆ, ಆದರೆ ಒಳಗಿನ ಬಂಧ ಹಾಗೇ ಇರುತ್ತದೆ. ಚಾರ್ಜ್ ಹೊತ್ತು ಓಡಾಡುವವರು ಯಾರೂ ಇಲ್ಲ. ಉಪ್ಪಿನಲ್ಲಿ ಅಯಾನುಗಳು ಮೊದಲೇ ಇವೆ. ನೀರು ಅವನ್ನು ಬಿಡಿಸುತ್ತದೆ, ಅವು ಕರೆಂಟ್ ಒಯ್ಯುತ್ತವೆ.

ಬಾಣಲೆಯಲ್ಲೂ ಇಬ್ಬರ ವ್ಯತ್ಯಾಸ ಕಾಣುತ್ತದೆ. ಸಕ್ಕರೆ ಹಾಕಿ ಬಿಸಿ ಮಾಡಿದರೆ ಕರಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಲ್ಲುಪ್ಪು ಹಾಕಿದರೆ ಚಟಪಟ ಸಿಡಿಯುತ್ತದೆ (ಒಳಗೆ ಸಿಕ್ಕಿಕೊಂಡ ನೀರು ಆವಿಯಾಗುವುದು), ಕರಗಲ್ಲ. ಅದಕ್ಕೆ 801 ಡಿಗ್ರಿ ಸೆಲ್ಸಿಯಸ್ ಬೇಕು.

ಮನೆಯಲ್ಲಿ ಮಾಡಿ ನೋಡುವುದಾದರೆ 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, 330 ಓಮ್ ರೆಸಿಸ್ಟರ್ ಸಾಕು. ಗೋಡೆಯ ಪ್ಲಗ್ಗಿನ ತಂಟೆಗೆ ಹೋಗಲೇಬೇಡಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಅವುಗಳಲ್ಲೇ ಲವಣ ಇರುವುದರಿಂದ ಸಕ್ಕರೆ ನೀರಿನಲ್ಲೂ ಎಲ್‌ಇಡಿ ಮಂಕಾಗಿ ಹೊತ್ತಿಬಿಡಬಹುದು. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಅದನ್ನು ತನ್ನಿ.