ಗ್ಲಿಯಾ ಕೋಶಗಳು ಮೆದುಳಿಗೆ ಬರೀ ಅಂಟೇ?
ಕಲಿಕೆಗೂ ಪ್ರಜ್ಞೆಗೂ ಗ್ಲಿಯಾಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಗ್ಲಿಯಾ ಅಂದರೆ ಮೆದುಳಿನಲ್ಲಿ ನರಕೋಶಗಳ ಜೊತೆಗಿರುವ ಬೇರೆ ಬಗೆಯ ಕೋಶಗಳು. 'ಅಂಟು' ಅನ್ನೋದು 1856ರಲ್ಲಿ ಜರ್ಮನ್ ವೈದ್ಯ ವಿರ್ಶೋ ಕೊಟ್ಟ ಹೆಸರಿನ ಅರ್ಥ. ಹೆಸರು ಉಳಿಯಿತು, ತಿಳಿವಳಿಕೆ ಬದಲಾಯಿತು.

ಮೊದಲು ಕಲಿಕೆಯ ಮಾತು: ಅದು ಹೆಚ್ಚಾಗಿ ನರಕೋಶಗಳ ನಡುವಿನ ಸಂದುಗಳು ಬದಲಾಗೋದರಿಂದ ಆಗುತ್ತೆ. ಎರಡು ನರಕೋಶಗಳ ನಡುವಿನ ಸಿನಾಪ್ಸ್ ಎಂಬ ಈ ಸಂದನ್ನು ಆಸ್ಟ್ರೋಸೈಟ್ ಎಂಬ ಬಗೆಯ ಗ್ಲಿಯಾ ತನ್ನ ಎಳೆಗಳಿಂದ ತಬ್ಬಿಕೊಂಡಿರುತ್ತೆ. ಅಲ್ಲಿ ಚೆಲ್ಲಿದ ಗ್ಲುಟಮೇಟ್ ಎಂಬ ಸಂದೇಶ ಒಯ್ಯುವ ರಾಸಾಯನಿಕವನ್ನು ಹೀರಿಕೊಳ್ಳುತ್ತೆ, ಸಂದೇಶ ಪಕ್ಕಕ್ಕೆ ಸೋರದ ಹಾಗೆ. ಇಲಿಯ ಮೆದುಳಿನಲ್ಲಿ ಇಂಥ ಒಂದೇ ಕೋಶದ ತೆಕ್ಕೆಗೆ ಸುಮಾರು 1 ಲಕ್ಷ ಸಿನಾಪ್ಸ್! ಇನ್ನೊಂದು ಬಗೆಯ ಗ್ಲಿಯಾ, ಮೈಕ್ರೋಗ್ಲಿಯಾ, ಲಾಲ್‌ಬಾಗಿನ ಮಾಲಿಯಂತೆ: ಬಳಕೆಯಿಲ್ಲದ ಸಿನಾಪ್ಸ್ ಎಂಬ ಕೊಂಬೆಗೆ ಕತ್ತರಿ. ಎಳೆವಯಸ್ಸಿನಲ್ಲಿ ಈ ಸವರುವ ಕೆಲಸ ಜೋರು.

ಪ್ರಜ್ಞೆಯ ಮಾತು ಬೇರೆ. ಅರಿವಳಿಕೆ ಕೊಟ್ಟ ಇಲಿಗಳಲ್ಲಿ ಆಸ್ಟ್ರೋಸೈಟ್‌ಗಳ ಕ್ಯಾಲ್ಸಿಯಂ ಏರಿಳಿತ ತಗ್ಗುತ್ತೆ. ಅಷ್ಟಕ್ಕೇ ಪ್ರಜ್ಞೆ ಅಲ್ಲೇ ಕೂತಿದೆ ಅನ್ನೋದು ಅವಸರ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಮೆದುಳಿನ ಹೋಳಲ್ಲಿ ಬೆಳ್ಳಗೆ ಕಾಣೋದು ನರಕೋಶಗಳ ಎಳೆಗಳ ಮೇಲಿನ ಮಯಲಿನ್ ಪೊರೆ, ಅದನ್ನು ಸುತ್ತಿದ್ದೂ ಗ್ಲಿಯಾನೇ.